ವಾಕ್ಯವೂ ಸಾಕ್ಷಿ ಹೇಳಬಲ್ಲುದೆ?

ನಮ್ಮ ಕಚೇರಿಗಳ ವ್ಯವಹಾರದಲ್ಲಿ ‘ಮೂಗರ್ಜಿ’ ಎಂಬ ಮಾತೊಂದು ಬಳಕೆಯಲ್ಲಿದೆ. ಹೆಸರೂ ಸಹಿಯೂ ಇಲ್ಲದೆ ಬರುವ ಅರ್ಜಿಗೆ ಈ ಹೆಸರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—ಈ ನಾಲ್ಕು ತಾಲ್ಲೂಕುಗಳ ಯಾವ ಕಚೇರಿಗೆ ಹೋಗಿ ಕೇಳಿದರೂ ಹಳೆಯ ಗುಮಾಸ್ತರು ಇದರ ಅರ್ಥವನ್ನು ಹೇಳಬಲ್ಲರು. ಲಂಚವನ್ನು ಕಂಡು ಸಹಿಸಲಾರದೆ, ಎದುರು ನಿಂತು ಹೇಳಲೂ ಅಂಜಿ ಬಡವನೊಬ್ಬನು ಬರೆಯುವುದೂ ಮೂಗರ್ಜಿಯೇ. ನೆರೆಯವನ ಏಳಿಗೆಯನ್ನು ಕಂಡು ಕರುಬಿ ಬರೆಯುವುದೂ ಮೂಗರ್ಜಿಯೇ. ಇಂಥ ದೂರುಗಳ ಮೇಲೆ ಕ್ರಮ ಕೈಗೊಳ್ಳಕೂಡದೆಂದು ಕೇಂದ್ರ ಜಾಗೃತ ಆಯೋಗವು ೧೯೯೯ರಲ್ಲಿಯೇ ಸೂಚನೆ ಹೊರಡಿಸಿತು. ಆದರೇನು? ಮೂಗರ್ಜಿಯಲ್ಲಿರುವುದು ಸತ್ಯವೋ ಸುಳ್ಳೋ ಎಂದು ವಿಚಾರಿಸುವುದಕ್ಕೆ ಮುಂಚೆಯೇ, ಬರೆದವರಾರು ಎಂಬ ಬೇಟೆ ಆರಂಭವಾಗಿಬಿಡುತ್ತದೆ. “ಇದು ಇಂಥವನದೇ ಮಾತು, ನನಗೆ ಗೊತ್ತು” ಎಂದು ಯಾರಾದರೊಬ್ಬರು ಹೇಳಿದರೆ ಸಾಕು, ಆ ‘ಇಂಥವನ’ ನೆಮ್ಮದಿ ಅಂದಿಗೆ ಮುಗಿಯಿತು.

ಹಿಂದೆ ಇಂಥ ಸಂದರ್ಭಗಳಲ್ಲಿ ಕೈಬರಹವನ್ನು ಹೋಲಿಸಿ ನೋಡುವುದಿತ್ತು. ಈಗ ಅರ್ಜಿಗಳು ಬಹುಮಟ್ಟಿಗೆ ಕಂಪ್ಯೂಟರಿನಿಂದಲೋ ಮೊಬೈಲಿನಿಂದಲೋ ಮೂಡಿಬರುತ್ತವೆ. ಎಲ್ಲರ ‘ಅ’ಕಾರವೂ ಒಂದೇ ರೂಪದ್ದು. ಆದರೆ ಅಕ್ಷರದ ಗುರುತು ಅಳಿದರೂ ಇನ್ನೊಂದು ವಸ್ತು ಉಳಿದಿರುತ್ತದೆ, ಅದು ವಾಕ್ಯ. ಪದಗಳನ್ನು ಒಂದಕ್ಕೊಂದು ಕಟ್ಟುವ ರೀತಿಯಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಆದ ಒಂದು ರೂಢಿ ಇರುತ್ತದೆಯೆ? ಇದ್ದರೆ ಅದನ್ನು ಅಳೆಯಬಹುದೆ? ಅಳತೆಯನ್ನು ನಂಬಿ ಒಬ್ಬನನ್ನು ಅಪರಾಧಿಯೆನ್ನಬಹುದೆ? ಈ ಪ್ರಶ್ನೆಗಳನ್ನು ವಿಚಾರಿಸುವ ಶಾಸ್ತ್ರಕ್ಕೆ ನ್ಯಾಯಭಾಷಾವಿಜ್ಞಾನವೆಂದು ಹೆಸರು. ನಾವು ಭೌತಶಾಸ್ತ್ರವನ್ನು ಬೋಧಿಸುವವರು, ವ್ಯಾಕರಣದಲ್ಲಿ ಪಂಡಿತರಲ್ಲ. ಆದರೂ ಅಳತೆ ಎಂದ ಮೇಲೆ, ಅಳತೆಯ ಜೊತೆಗೆ ಬರುವ ದೋಷದ ಲೆಕ್ಕ ಎಂದ ಮೇಲೆ, ನಮಗೂ ಅದರಲ್ಲಿ ಒಂದು ಮಾತಿಗೆ ಅವಕಾಶವುಂಟು.

ಬೆಳಕಿನ ಗೆರೆಗಳಿಂದ ಪದಗಳ ಗೆರೆಗೆ

ಸ್ವಾರಸ್ಯವೆಂದರೆ, ಈ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರು ಭೌತಶಾಸ್ತ್ರಜ್ಞರೇ. ಅಮೆರಿಕದ ಥಾಮಸ್ ಕಾರ್ವಿನ್ ಮೆಂಡೆನ್‌ಹಾಲ್ ೧೮೮೭ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅಡಿಗೆಯ ಉಪ್ಪನ್ನು ಜ್ವಾಲೆಯಲ್ಲಿ ಹಿಡಿದು ವರ್ಣಪಟಲದರ್ಶಕದಲ್ಲಿ ನೋಡಿದರೆ ಸೋಡಿಯಂ ತನ್ನ ಹಳದಿಯ ಗೆರೆಗಳನ್ನು ತಪ್ಪದೆ ತೋರಿಸುತ್ತದೆ. ಹಾಗೆಯೇ ಒಬ್ಬ ಲೇಖಕನ ಬರಹದಲ್ಲಿ ಎರಡಕ್ಷರದ ಪದಗಳೆಷ್ಟು, ಮೂರಕ್ಷರದವೆಷ್ಟು, ನಾಲ್ಕಕ್ಷರದವೆಷ್ಟು ಎಂದು ಎಣಿಸಿ ರೇಖೆ ಎಳೆದರೆ, ಅದೂ ಅವನ ವರ್ಣಪಟಲದಂತಿರಬಾರದೇಕೆ? ಇದು ಅವರ ಊಹೆ. ೧೯೦೧ರಲ್ಲಿ ಅವರು ಷೇಕ್ಸ್‌ಪಿಯರ್ ಮತ್ತು ಬೇಕನ್ನರ ಬರಹಗಳನ್ನು ಹೀಗೆ ಎಣಿಸಿದಾಗ ರೇಖೆಗಳು ಬೇರೆ ಬೇರೆಯಾಗಿ ಬಂದವು. ಆದರೆ ಮುಂದೆ ವಿದ್ವಾಂಸರು ಒಂದು ಆಕ್ಷೇಪವನ್ನೆತ್ತಿದರು. ಷೇಕ್ಸ್‌ಪಿಯರನದು ಬಹುಪಾಲು ಪದ್ಯ, ಬೇಕನ್ನನದು ಗದ್ಯ. ಆ ಅಂತರ ಇಬ್ಬರು ವ್ಯಕ್ತಿಗಳ ಅಂತರವೋ, ಪದ್ಯಗದ್ಯಗಳ ಅಂತರವೋ? ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಒಂದೇ ಜಾತಿಯ ಸರಕಿರಬೇಕೆಂಬ ಪಾಠ ಇಲ್ಲಿಂದ ದೊರೆಯಿತು.

ಪದದಿಂದ ವಾಕ್ಯಕ್ಕೆ ಬಂದವರು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್. ಅವರು ೧೯೩೯ರಲ್ಲಿ ವಾಕ್ಯಗಳ ಉದ್ದವನ್ನೇ ಲಕ್ಷಣವಾಗಿ ಹಿಡಿದು, ಕರ್ತೃತ್ವ ವಿವಾದಕ್ಕೊಳಗಾಗಿದ್ದ ಗ್ರಂಥಗಳನ್ನು ಪರೀಕ್ಷಿಸಿದರು. ಉಪಾಯವೇನೋ ಸರಳ. ಆದರೆ ಅದಕ್ಕೂ ಮಿತಿಯುಂಟೆಂಬುದು ಅಮೆರಿಕದ ‘ಫೆಡರಲಿಸ್ಟ್’ ಪ್ರಬಂಧಗಳಿಂದ ಗೊತ್ತಾಯಿತು. ೧೭೮೭–೮೮ರಲ್ಲಿ ಒಂದೇ ಗುಪ್ತನಾಮದಲ್ಲಿ ಪ್ರಕಟವಾದ ಈ ೮೫ ಪ್ರಬಂಧಗಳ ಪೈಕಿ ೧೨ನ್ನು ಬರೆದವರು ಹ್ಯಾಮಿಲ್ಟನ್ನರೋ ಮ್ಯಾಡಿಸನ್ನರೋ ಎಂಬುದು ವಿವಾದವಾಗಿತ್ತು. ಇಬ್ಬರ ವಾಕ್ಯಗಳ ಸರಾಸರಿ ಉದ್ದವನ್ನು ಎಣಿಸಿದಾಗ ಒಬ್ಬರದು ೩೪.೫೫ ಪದ, ಮತ್ತೊಬ್ಬರದು ೩೪.೫೯ ಪದ! ಆ ಅಳತೆಗೋಲಿಗೆ ಇಬ್ಬರೂ ಒಂದೇ. ಕೊನೆಗೆ ಮೊಸ್ಟೆಲರ್ ಮತ್ತು ವಾಲೇಸ್ ಎಂಬ ವಿದ್ವಾಂಸರು ೧೯೬೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಣ್ಣ ಸಣ್ಣ ಪದಗಳನ್ನು ಎಣಿಸಿ, ೧೨ ಪ್ರಬಂಧಗಳೂ ಮ್ಯಾಡಿಸನ್ನರವೆಂದು ನಿರ್ಧರಿಸಿದರು. ‘ಮೇಲೆ’ ಎಂಬರ್ಥದ ‘ಅಪಾನ್’ ಎಂಬ ಪದವನ್ನು ಹ್ಯಾಮಿಲ್ಟನ್ ಸಾವಿರ ಪದಗಳಿಗೆ ಸುಮಾರು ಮೂರು ಸಲ ಬಳಸುತ್ತಿದ್ದರೆ, ಮ್ಯಾಡಿಸನ್ ಬಳಸುತ್ತಿದ್ದುದು ತೀರ ಅಪರೂಪ. ಲೇಖಕನು ವಿಷಯಕ್ಕೆ ತಕ್ಕಂತೆ ದೊಡ್ಡ ಪದಗಳನ್ನು ಆರಿಸುತ್ತಾನೆ. ಸಣ್ಣ ಪದಗಳು ಅವನಿಗೆ ಅರಿವಿಲ್ಲದೆಯೇ ಬಂದು ಸೇರುತ್ತವೆ. ಗುರುತು ಉಳಿಯುವುದು ಅರಿವಿಲ್ಲದ ಕಡೆಯಲ್ಲಿಯೇ.

ಕನ್ನಡ ವಾಕ್ಯದ ಕೀಲುಗಳು

ಈ ವಿಧಾನವನ್ನು ಹಾಗೆಯೇ ಕನ್ನಡಕ್ಕೆ ತರಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಸಣ್ಣ ಪದಗಳು ಮಾಡುವ ಕೆಲಸವನ್ನು ಕನ್ನಡದಲ್ಲಿ ಬಹುಮಟ್ಟಿಗೆ ಪ್ರತ್ಯಯಗಳು ಮಾಡುತ್ತವೆ. ‘ಮನೆಯಲ್ಲಿಯೂ’ ಎಂಬುದು ನೋಡುವುದಕ್ಕೆ ಒಂದು ಪದ. ಬಿಡಿಸಿದರೆ ಮನೆ, ಅಲ್ಲಿ, ಊ ಎಂದು ಮೂರು ಅಂಗಗಳು. ಒಬ್ಬರು ‘ಹೇಳಿಕೊಂಡು’ ಎಂದು ಕೂಡಿಸಿ ಬರೆದರೆ ಮತ್ತೊಬ್ಬರು ‘ಹೇಳಿ ಕೊಂಡು’ ಎಂದು ಬಿಡಿಸಿ ಬರೆಯುತ್ತಾರೆ. ಆದುದರಿಂದ ಕನ್ನಡದಲ್ಲಿ ಎಣಿಸಬೇಕಾದುದು ವಾಕ್ಯದ ಕೀಲುಗಳನ್ನು. ಅಂದರೆ ಒಂದು ಕ್ರಿಯೆಯನ್ನು ಇನ್ನೊಂದಕ್ಕೆ ಜೋಡಿಸುವ ಸ್ಥಳಗಳನ್ನು.

ಒಂದು ಉದಾಹರಣೆಯನ್ನು ನೋಡೋಣ. ತಹಶೀಲ್ದಾರರು ಊರಿನ ಕೆರೆಯನ್ನು ನೋಡಲು ಬಂದ ಸಂಗತಿಯನ್ನು ನಾಲ್ವರು ಬರೆಯುತ್ತಾರೆಂದು ಭಾವಿಸಿ. ಮೊದಲನೆಯವನು: “ತಹಶೀಲ್ದಾರರು ಬಂದರು. ಕೆರೆಯನ್ನು ನೋಡಿದರು. ಏನೂ ಹೇಳಲಿಲ್ಲ. ಹೊರಟುಹೋದರು.” ಎರಡನೆಯವನು: “ತಹಶೀಲ್ದಾರರು ಬಂದು, ಕೆರೆಯನ್ನು ನೋಡಿ, ಏನೂ ಹೇಳದೆ ಹೊರಟುಹೋದರು.” ಮೂರನೆಯವನು: “ಬಂದ ತಹಶೀಲ್ದಾರರು ಕೆರೆಯನ್ನು ನೋಡಿದರಾದರೂ ಏನನ್ನೂ ಹೇಳದೆಯೇ ಹೋದರು.” ನಾಲ್ಕನೆಯವನು: “ಕೆರೆಯನ್ನು ನೋಡಿದ್ದೇನೋ ನಿಜ, ತಹಶೀಲ್ದಾರರು, ಹೇಳಿದ್ದು ಮಾತ್ರ ಏನೂ ಇಲ್ಲ.”

ಸಂಗತಿ ಒಂದೇ, ಪದಗಳೂ ಹೆಚ್ಚುಕಡಮೆ ಅವೇ. ಮೊದಲನೆಯವನದು ಶಾಲೆಯ ವ್ಯಾಕರಣ ಹೇಳುವ ಸಾಮಾನ್ಯ ವಾಕ್ಯಗಳ ಸಾಲು. ಎರಡನೆಯವನು ‘ಬಂದು, ನೋಡಿ, ಹೇಳದೆ’ ಎಂಬ ಸಾಪೇಕ್ಷ ಕ್ರಿಯೆಗಳನ್ನು ಮಣಿಗಳಂತೆ ಪೋಣಿಸಿ ಕೊನೆಯಲ್ಲಿ ಒಂದೇ ಪೂರ್ಣಕ್ರಿಯಾಪದದ ಗಂಟು ಹಾಕುತ್ತಾನೆ. ಮೂರನೆಯವನು ಬರುವ ಕ್ರಿಯೆಯನ್ನು ‘ಬಂದ’ ಎಂಬ ವಿಶೇಷಣವಾಗಿ ಮಾಡಿ, ‘ಆದರೂ’ ಎಂಬ ವಿರೋಧವನ್ನು ಕ್ರಿಯಾಪದಕ್ಕೇ ಅಂಟಿಸಿ, ‘ಏ’ ಎಂಬ ಅವಧಾರಣೆಯನ್ನೂ ಸೇರಿಸುತ್ತಾನೆ. ನಾಲ್ಕನೆಯವನು ಕರ್ತೃವನ್ನು ವಾಕ್ಯದ ಹಿಂದಕ್ಕೆ ತಳ್ಳುತ್ತಾನೆ. ಹೀಗೆಯೇ ಇನ್ನೂ ಕೆಲವು ಲಕ್ಷಣಗಳನ್ನು ಹೇಳಬಹುದು. ಕಾರಣವನ್ನು ಮೊದಲು ಹೇಳಿ ‘ಆದ್ದರಿಂದ’ ಎನ್ನುವವರುಂಟು. ಫಲವನ್ನು ಮೊದಲು ಹೇಳಿ ‘ಏಕೆಂದರೆ’ ಎನ್ನುವವರುಂಟು. ‘ನಿನ್ನೆ ಬಂದ ಪತ್ರ’ ಎಂದು ಕೆಲವರು ಬರೆದರೆ, ‘ಯಾವ ಪತ್ರವು ನಿನ್ನೆ ಬಂದಿತೋ ಅದು’ ಎಂದು ಕೆಲವರು. ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ ಒಬ್ಬರಿಗೆ ‘ಎಂದು’ ಸಾಕು. ಇನ್ನೊಬ್ಬರಿಗೆ ‘ಎಂಬುದಾಗಿ’ ಬೇಕು. ಬರೆಯುವವನು ಇವುಗಳಲ್ಲಿ ಒಂದೊಂದನ್ನೂ ಯೋಚಿಸಿ ಆರಿಸುವುದಿಲ್ಲ. ನಡೆಯುವಾಗ ಎಡಗಾಲನ್ನು ಎಷ್ಟು ಎತ್ತಬೇಕೆಂದು ಯಾರು ಯೋಚಿಸುತ್ತಾರೆ?

ಗುಂಪಿನ ಗುರುತು, ವ್ಯಕ್ತಿಯ ಗುರುತು

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊಲದಲ್ಲಿ ಕಳ್ಳನ ಹೆಜ್ಜೆ ಮೂಡಿದ್ದರೆ, ಚಪ್ಪಲಿಯ ಅಳತೆಯೂ ತಯಾರಿಕೆಯೂ ಒಂದು ಗುಂಪನ್ನು ತೋರಿಸುತ್ತವೆ; ಅಂಥ ಚಪ್ಪಲಿಯನ್ನು ಮೆಟ್ಟುವವರು ನೂರಾರು ಮಂದಿ. ಹಿಮ್ಮಡಿಯ ಎಡಗಡೆ ಸವೆದಿರುವ ರೀತಿ ವ್ಯಕ್ತಿಗೆ ಹತ್ತಿರವಾದ ಗುರುತು. ಭಾಷೆಯಲ್ಲಿಯೂ ಹಾಗೆಯೇ. ನಮ್ಮ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ‘ಬಂದವ್ನೆ’, ‘ಮಾಡ್ತಾವ್ಳೆ’ ಎಂಬ ರೂಪಗಳು ಸಾಮಾನ್ಯ. ಪದದ ಮೊದಲ ಹಕಾರವು ಎಷ್ಟೋ ಬಾಯಿಗಳಲ್ಲಿ ಬಿದ್ದುಹೋಗಿ ‘ಹಾಲು’ ‘ಆಲು’ ಆಗುತ್ತದೆ. ಹೀಗೆ ಮಾತನಾಡುವವನು ಗ್ರಂಥಭಾಷೆಯಲ್ಲಿ ಬರೆಯಹೊರಟಾಗ, ಇರಬೇಕಾದ ಕಡೆ ಹಕಾರವನ್ನು ಬಿಟ್ಟು, ಇರಬಾರದ ಕಡೆ ಸೇರಿಸುವುದೂ ಉಂಟು. ಮೂಗರ್ಜಿಯಲ್ಲಿ ಇಂಥದು ಕಂಡರೆ ಬರೆದವನು ಹಳೆಯ ಮೈಸೂರು ಸೀಮೆಯ ಹಳ್ಳಿಯ ಕಡೆಯವನಿರಬಹುದೆಂದು ಊಹಿಸಬಹುದು. ಆದರೆ ಇದೇ ಗುರುತು ಮಂಡ್ಯದ ಕಡೆಗೂ ಸಲ್ಲುತ್ತದೆ, ಮೈಸೂರಿನ ಕಡೆಗೂ ಸಲ್ಲುತ್ತದೆ. ಇದನ್ನು ಹಿಡಿದು ಕನಕಪುರದ ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಡೆಗೆ ಬೆರಳು ತೋರಿಸುವುದು, ಚಪ್ಪಲಿಯ ಅಳತೆಯೊಂದನ್ನೇ ನೋಡಿ ಕಳ್ಳನನ್ನು ಹಿಡಿದಂತೆ.

ಇನ್ನೊಂದು ತೊಡಕೂ ಇದೆ. ನಮ್ಮ ಕಚೇರಿಗಳಿಗೆ ಬರುವ ಎಷ್ಟೋ ಅರ್ಜಿಗಳ ವಾಕ್ಯಗಳು ಅರ್ಜಿದಾರರವೇ ಅಲ್ಲ. ಓದುಬರಹ ಬಾರದವರು, ಬಂದರೂ ಕಚೇರಿಯ ಭಾಷೆಗೆ ಹೆದರುವವರು, ಅರ್ಜಿ ಬರೆದುಕೊಡುವವರ ಬಳಿಗೆ ಹೋಗುತ್ತಾರೆ. ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಆರಂಭವಾಗುವ ಆ ವಾಕ್ಯ ಹೆಬ್ಬೆಟ್ಟೊತ್ತಿದ ರೈತನದಲ್ಲ. ಅದು ಬರಹಗಾರನದು, ಅವನಿಗೂ ಅದು ತನ್ನ ಹಿಂದಿನವರಿಂದ ಬಂದುದು. ನೋವು ಒಬ್ಬನದು, ವಾಕ್ಯ ಇನ್ನೊಬ್ಬನದು. ಅರ್ಜಿಯ ಮಟ್ಟಿಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಪೊಲೀಸು ಠಾಣೆಯ ಹೇಳಿಕೆಗೆ ಬಂದರೆ ಮಾತು ಬೇರೆಯಾಗುತ್ತದೆ.

ಬಾಯಿಯ ವಾಕ್ಯ, ಠಾಣೆಯ ವಾಕ್ಯ

ಜಗಳದಲ್ಲಿ ಪೆಟ್ಟು ತಿಂದ ಹಳ್ಳಿಗನೊಬ್ಬನು, “ಬಾಯಿಗ್ ಬಂದಂಗ್ ಬೈದ, ಹೊಡೆದ, ಸಾಯಿಸ್ಬುಡ್ತೀನಿ ಅಂದ” ಎಂದು ಹೇಳುತ್ತಾನೆನ್ನೋಣ. ಕಾಗದದ ಮೇಲೆ ಬಂದಾಗ ಅದು, “ಸದರಿ ಆಸಾಮಿಯು ನನ್ನನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿ, ಕೈಯಿಂದ ಹೊಡೆದು, ಪ್ರಾಣಬೆದರಿಕೆ ಹಾಕಿರುತ್ತಾನೆ” ಎಂದಾಗುತ್ತದೆ. ಬರೆದವರಲ್ಲಿ ದುರುದ್ದೇಶವೇನೂ ಇಲ್ಲದಿರಬಹುದು. ಅದು ಕಚೇರಿಯ ರೂಢಿ. ಆದರೆ ವಾಕ್ಯದ ರಚನೆಯನ್ನು ಗಮನಿಸಿ. ಮೂರು ಪೂರ್ಣಕ್ರಿಯಾಪದಗಳು ಒಂದಾದವು. ‘ಸಾಯಿಸ್ಬುಡ್ತೀನಿ’ ಎಂಬ ನೇರ ಮಾತು ಮಾಯವಾಗಿ, ಅದರ ಸ್ಥಳದಲ್ಲಿ ‘ಪ್ರಾಣಬೆದರಿಕೆ’ ಎಂಬ ನಾಮಪದ ಬಂದಿತು. ನಿಜವಾಗಿ ಆಡಿದ ಮಾತೇನು, ಅದು ಕೋಪದ ಬೈಗುಳವೋ ನಿಜವಾದ ಬೆದರಿಕೆಯೋ ಎಂದು ನ್ಯಾಯಸ್ಥಾನವು ತೂಗಿ ನೋಡಬೇಕಾಗಿದ್ದ ವಸ್ತುವೇ ಕಳೆದುಹೋಯಿತು.

ಇಂಥ ವ್ಯತ್ಯಾಸಕ್ಕೆ ಪ್ರಾಣದ ಬೆಲೆಯೂ ಇರಬಹುದೆಂಬುದನ್ನು ಇಂಗ್ಲೆಂಡಿನ ಎರಡು ಮೊಕದ್ದಮೆಗಳು ತೋರಿಸಿವೆ. ಲಂಡನ್ನಿನ ಟಿಮೊತಿ ಎವಾನ್ಸ್ ಎಂಬವನನ್ನು, ತನ್ನ ಮಗುವನ್ನು ಕೊಂದನೆಂಬ ಅಪರಾಧಕ್ಕಾಗಿ ೧೯೫೦ರ ಮಾರ್ಚ್ ೯ರಂದು ಗಲ್ಲಿಗೇರಿಸಿದರು. ಅವನಿಗೆ ಓದುಬರಹ ಬಾರದೆಂದೇ ಹೇಳಬೇಕು. ಅದೇ ಮನೆಯಲ್ಲಿ ವಾಸವಾಗಿದ್ದ ಕ್ರಿಸ್ಟಿ ಎಂಬವನು ಹಲವು ಹೆಂಗಸರನ್ನು ಕೊಂದ ಸಂಗತಿ ೧೯೫೩ರಲ್ಲಿ ಬಯಲಾಯಿತು. ೧೯೬೬ರಲ್ಲಿ ಎವಾನ್ಸನಿಗೆ ಮರಣಾನಂತರ ಕ್ಷಮಾದಾನ ದೊರೆಯಿತು. ೧೯೬೮ರಲ್ಲಿ ಸ್ವೀಡನ್ನಿನ ಭಾಷಾವಿದ್ವಾಂಸ ಯಾನ್ ಸ್ವಾರ್ತ್‌ವಿಕ್ ಅವರು ಎವಾನ್ಸನ ಹೇಳಿಕೆಗಳನ್ನು ಬಿಡಿಸಿ, ಉಪವಾಕ್ಯಗಳನ್ನು ಜೋಡಿಸಿರುವ ಬಗೆಗಳನ್ನು ಎಣಿಸಿದರು. ತಪ್ಪೊಪ್ಪಿಗೆಯ ಭಾಗಗಳ ರಚನೆ ಉಳಿದ ಭಾಗಗಳ ರಚನೆಗಿಂತ ಭಿನ್ನವಾಗಿತ್ತು. ನ್ಯಾಯಭಾಷಾವಿಜ್ಞಾನವೆಂಬ ಹೆಸರು ಬಳಕೆಗೆ ಬಂದುದು ಈ ಗ್ರಂಥದಿಂದಲೇ.

ಎರಡನೆಯದು ಡೆರೆಕ್ ಬೆಂಟ್ಲಿ ಎಂಬ ೧೯ ವರ್ಷದ ಯುವಕನ ಮೊಕದ್ದಮೆ. ಅವನನ್ನು ೧೯೫೩ರ ಜನವರಿ ೨೮ರಂದು ಗಲ್ಲಿಗೇರಿಸಲಾಯಿತು. ಅವನ ಹೇಳಿಕೆ ಅವನೇ ಒಂದೇ ಸಮನೆ ಹೇಳಿ ಬರೆಯಿಸಿದ್ದೆಂದು ಪೊಲೀಸರು ಪ್ರಮಾಣ ಮಾಡಿದ್ದರು. ಬಹುಕಾಲದ ಮೇಲೆ ಮಾಲ್ಕಂ ಕೌಲ್ತರ್ಡ್ ಎಂಬ ವಿದ್ವಾಂಸರು ಅದರಲ್ಲಿ ‘ಆಗ’ ಎಂಬರ್ಥದ ‘ದೆನ್’ ಎಂಬ ಪದವನ್ನು ಹಿಂಬಾಲಿಸಿದರು. ೫೮೨ ಪದಗಳ ಹೇಳಿಕೆಯಲ್ಲಿ ಅದು ೧೦ ಸಲ ಬಂದಿತ್ತು, ಅಂದರೆ ೫೮ ಪದಗಳಿಗೊಂದು. ಅವರು ನೋಡಿದ ಸಾಮಾನ್ಯ ಸಾಕ್ಷಿಗಳ ಹೇಳಿಕೆಗಳಲ್ಲಿ ಅದು ೯೩೦ ಪದಗಳಿಗೊಂದು. ಪೊಲೀಸರ ಹೇಳಿಕೆಗಳಲ್ಲಿ ೭೮ಕ್ಕೊಂದು. ಇದಕ್ಕಿಂತ ಮುಖ್ಯವಾದುದು ಆ ಪದದ ಸ್ಥಾನ. ಜನಸಾಮಾನ್ಯರು ಕರ್ತೃಪದಕ್ಕೆ ಮುಂಚೆ ಅದನ್ನಿಟ್ಟು ‘ದೆನ್ ಐ’ ಎನ್ನುತ್ತಾರೆ. ಪೊಲೀಸರ ಬರಹದಲ್ಲಿ ಅದು ಕರ್ತೃವಿನ ಅನಂತರ ಬಂದು ‘ಐ ದೆನ್’ ಆಗುತ್ತದೆ. ಬೆಂಟ್ಲಿಯ ಹೇಳಿಕೆಯಲ್ಲಿದ್ದುದು ಪೊಲೀಸರ ಕ್ರಮ. ೧೯೯೮ರಲ್ಲಿ ಮೇಲಿನ ನ್ಯಾಯಸ್ಥಾನವು ಅವನ ಶಿಕ್ಷೆಯ ತೀರ್ಪನ್ನು ರದ್ದುಪಡಿಸಿತು. ಅದಕ್ಕೆ ಮುಖ್ಯ ಕಾರಣ, ಮೊದಲ ನ್ಯಾಯಾಧೀಶರು ಜ್ಯೂರಿಗೆ ಮಾಡಿದ ನಿರೂಪಣೆಯಲ್ಲಿದ್ದ ಪಕ್ಷಪಾತ. ಭಾಷೆಯ ಸಾಕ್ಷ್ಯ ಅದಕ್ಕೆ ಜೊತೆಗೂಡಿದ್ದಷ್ಟೆ.

ನಮ್ಮ ದೇಶದ ಶಾಸನವು ಈ ವಿಷಯದಲ್ಲಿ ಮೊದಲಿನಿಂದಲೂ ಜಾಗರೂಕವಾಗಿದೆ. ಪೊಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತಾಗಿ ಬಳಸಕೂಡದೆಂದು ೧೮೭೨ರ ಸಾಕ್ಷ್ಯ ಅಧಿನಿಯಮದ ೨೫ನೆಯ ಕಲಮು ವಿಧಿಸಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೨೩ನೆಯ ಕಲಮೂ ಅದನ್ನೇ ಹೇಳುತ್ತದೆ. ಆದರೆ ದೂರು, ಮರಣಕಾಲದ ಹೇಳಿಕೆ ಮೊದಲಾದವು ಬರಹಕ್ಕಿಳಿಯುತ್ತಲೇ ಇರುತ್ತವೆ. ಸಾಯುವವರ ಕೊನೆಯ ಮಾತಿನಲ್ಲಿ ‘ಸದರಿ’ ಎಂಬ ಪದ ಕಂಡರೆ, ಅದು ಯಾರ ವಾಕ್ಯವೆಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಮಾತು ಸುಳ್ಳೆಂದು ಇದರಿಂದ ಸಿದ್ಧವಾಗದು. ಅದು ಇನ್ನೊಬ್ಬರ ಕೈಯಿಂದ ಹಾದುಬಂದಿದೆ ಎಂದು ಮಾತ್ರ ತಿಳಿಯುತ್ತದೆ.

ಅಂಕಿತವೂ ‘ಅನುಮತ’ವೂ

ಬರೆದವರಾರೆಂಬ ವಿವಾದ ಕನ್ನಡಕ್ಕೆ ಹೊಸದಲ್ಲ. ನಮ್ಮ ವಚನಕಾರರೂ ಹರಿದಾಸರೂ ಕರ್ತೃತ್ವವನ್ನು ಕಾಪಾಡಲು ಒಂದು ಉಪಾಯವನ್ನು ಕಂಡುಕೊಂಡಿದ್ದರು. ಸಹಿಯನ್ನು ವಾಕ್ಯದ ಒಳಗೇ ಹೆಣೆಯುವ ಆ ಉಪಾಯವೇ ಅಂಕಿತ. ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿ ವ್ಯಾಸರಾಯರ ಗುರುಗಳಾದ ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಅದೇ ತಾಲ್ಲೂಕಿನ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನನ್ನು ನೋಡಿ ಪುರಂದರದಾಸರು ‘ಜಗದೋದ್ಧಾರನ’ ಎಂಬ ಕೀರ್ತನೆಯನ್ನು ಹಾಡಿದರೆಂದು ಪ್ರತೀತಿ. ಪುರಂದರವಿಠಲನ ಅಂಕಿತವನ್ನು ಕೇಳಿದ ಕೂಡಲೆ ಕೀರ್ತನೆ ಯಾರದೆಂದು ಹಳ್ಳಿಯ ಮಗುವೂ ಹೇಳುತ್ತದೆ. ಆದರೆ ಅಂಕಿತವನ್ನು ಬೇರೊಬ್ಬರು ತಮ್ಮ ರಚನೆಗೆ ಸೇರಿಸಲೂ ಬಹುದು. ಬಾಯಿಂದ ಬಾಯಿಗೆ ಹರಿಯುವಾಗ ಹಾಡುವವರ ವಾಕ್ಯವು ದಾಸರ ವಾಕ್ಯದಲ್ಲಿ ಬೆರೆಯಲೂ ಬಹುದು. ರಾಮನಗರದ ಜಾನಪದ ಲೋಕವನ್ನು ೧೯೯೪ರಲ್ಲಿ ಎಚ್.ಎಲ್. ನಾಗೇಗೌಡರು ಸ್ಥಾಪಿಸಿದರಷ್ಟೆ. ಅಲ್ಲಿ ಮೊಳಗುವ ಜನಪದಗೀತೆಗಳಿಗಂತೂ ಅಂಕಿತವೇ ಇಲ್ಲ. ಸಾವಿರ ಬಾಯಿಗಳು ತಿದ್ದಿದ ವಾಕ್ಯದಲ್ಲಿ ಒಬ್ಬ ವ್ಯಕ್ತಿಯ ರೂಢಿಯನ್ನು ಹುಡುಕುವುದು ವ್ಯರ್ಥ.

ಕನ್ನಡದ ಅತಿ ದೊಡ್ಡ ಕರ್ತೃತ್ವ ವಿವಾದ ನಡೆದುದು ‘ಕವಿರಾಜಮಾರ್ಗ’ವನ್ನು ಕುರಿತು. ಒಂಬತ್ತನೆಯ ಶತಮಾನದ ಈ ಗ್ರಂಥವನ್ನು ೧೮೯೮ರಲ್ಲಿ ಕೆ.ಬಿ. ಪಾಠಕರು ಪ್ರಕಟಿಸಿದಾಗ, ಅದರ ಕರ್ತೃ ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನೆಂದೇ ಭಾವಿಸಿದರು. ಆದರೆ ಪರಿಚ್ಛೇದಗಳ ಕೊನೆಯಲ್ಲಿ ಗ್ರಂಥವು ತನ್ನನ್ನು ನೃಪತುಂಗದೇವನ ‘ಅನುಮತ’ವೆಂದು ಕರೆದುಕೊಳ್ಳುತ್ತದೆ. ಅನುಮತವೆಂದರೆ ಒಪ್ಪಿಗೆಯಾದುದು. ತನ್ನ ಗ್ರಂಥಕ್ಕೆ ತಾನೇ ಒಪ್ಪಿಗೆ ಕೊಟ್ಟೆನೆಂದು ಯಾರಾದರೂ ಬರೆದುಕೊಳ್ಳುತ್ತಾರೆಯೆ? ಹನ್ನೊಂದನೆಯ ಶತಮಾನದ ದುರ್ಗಸಿಂಹನು ಶ್ರೀವಿಜಯನ ‘ಕವಿಮಾರ್ಗ’ವೆಂಬುದನ್ನು ಹೊಗಳಿರುವುದೂ ಗಮನಾರ್ಹ. ಇಂಥ ಆಧಾರಗಳಿಂದ, ಗ್ರಂಥವನ್ನು ರಚಿಸಿದವನು ಆಸ್ಥಾನದ ಶ್ರೀವಿಜಯ, ಒಪ್ಪಿದವನು ಅರಸ ಎಂಬ ಅಭಿಪ್ರಾಯ ಬಲವಾಯಿತು. ೧೯೬೮ರಲ್ಲಿ ಎಂ.ವಿ. ಸೀತಾರಾಮಯ್ಯನವರು ಗ್ರಂಥವನ್ನು ಶ್ರೀವಿಜಯಕೃತವೆಂದೇ ಹೆಸರಿಸಿ ಸಂಪಾದಿಸಿದರು. ಒಂದು ಸಮಾಸಪದದಲ್ಲಿ ‘ಇಂದ’ ಎಂಬ ಸಂಬಂಧವನ್ನು ಹೇಗೆ ಬಿಡಿಸಬೇಕೆಂಬುದರ ಮೇಲೆ ಒಂದು ಭಾಷೆಯ ಮೊದಲ ಉಪಲಬ್ಧ ಗ್ರಂಥದ ಕರ್ತೃತ್ವ ನಿಂತಿದೆ!

ಹಾಗಾದರೆ ಇಂದಿನ ಗಣಕಯಂತ್ರಕ್ಕೆ ಒಪ್ಪಿಸಿ, ವಾಕ್ಯಗಳನ್ನು ಎಣಿಸಿ, ವಿವಾದವನ್ನು ಮುಗಿಸಬಾರದೆ? ಅದು ಸಾಧ್ಯವಿಲ್ಲ. ಶ್ರೀವಿಜಯನದೆಂದು ನಿಸ್ಸಂದೇಹವಾಗಿ ಹೇಳಬಹುದಾದ ಬೇರೊಂದು ಕನ್ನಡ ಗ್ರಂಥ ನಮಗೆ ಉಳಿದುಬಂದಿಲ್ಲ, ನೃಪತುಂಗನದೂ ಇಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಸರಕಿದೆ, ಇನ್ನೊಂದರಲ್ಲಿ ಕಲ್ಲೇ ಇಲ್ಲ. ಹೋಲಿಸಲು ತಿಳಿದ ಬರಹವಿಲ್ಲದೆ ತಿಳಿಯದ ಬರಹದ ಕರ್ತೃವನ್ನು ನಿರ್ಧರಿಸಲಾಗದು. ಮಹಾಗ್ರಂಥಕ್ಕೆ ಅನ್ವಯಿಸುವ ಈ ನಿಯಮ ಒಂದು ಪುಟದ ಮೂಗರ್ಜಿಗೂ ಅನ್ವಯಿಸುತ್ತದೆ.

ಲೆಕ್ಕ ಏನು ಹೇಳುತ್ತದೆ?

ಹೋಲಿಸಲು ಬರಹ ಇದೆಯೆಂದೇ ಇಟ್ಟುಕೊಳ್ಳೋಣ. ಎಷ್ಟು ಬರಹ ಬೇಕು? ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಮೂರು ಅಥವಾ ಹೆಚ್ಚು ಸಾಪೇಕ್ಷ ಕ್ರಿಯೆಗಳನ್ನು ಪೋಣಿಸಿದ ವಾಕ್ಯಗಳು ರಾಮಯ್ಯನ ಬರಹದಲ್ಲಿ ನೂರಕ್ಕೆ ೨೦, ಭೀಮಯ್ಯನ ಬರಹದಲ್ಲಿ ನೂರಕ್ಕೆ ೩೦ ಎಂದು ಭಾವಿಸಿ. ಮೂಗರ್ಜಿಯಲ್ಲಿರುವುದು ೨೫ ವಾಕ್ಯಗಳು. ರಾಮಯ್ಯನೇ ಬರೆದಿದ್ದರೆ ಅಂಥ ವಾಕ್ಯಗಳು ೫ ಇರಬೇಕು. ಆದರೆ ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಸರಿಯಾಗಿ ಐದೇ ಸಲ ರಾಜಮುಖ ಬೀಳುವುದಿಲ್ಲವಷ್ಟೆ. ಈ ಹೊಯ್ದಾಟದ ಅಳತೆಯನ್ನು ಸಂಭವಶಾಸ್ತ್ರದಿಂದ ಗುಣಿಸಿದರೆ ಸುಮಾರು ೨ ಬರುತ್ತದೆ. ಅಂದರೆ ರಾಮಯ್ಯನಿಂದ ೩ ರಿಂದ ೭ರವರೆಗೆ ಸಹಜವಾಗಿಯೇ ಬರಬಹುದು. ಭೀಮಯ್ಯನಿಂದ ಬರಬೇಕಾದುದು ೭ ಅಥವಾ ೮, ಹೊಯ್ದಾಟ ಅಷ್ಟೆ ಎರಡರ ಮೇಲೆ. ಪತ್ರದಲ್ಲಿ ೬ ಕಂಡರೆ ಯಾರೆನ್ನುವುದು? ಎರಡು ಗೆರೆಗಳು ಒಂದರ ಮೇಲೊಂದು ಬಿದ್ದಿವೆ. ನಮ್ಮ ಉಪಕರಣಕ್ಕೆ ಅವನ್ನು ಬೇರ್ಪಡಿಸುವ ಶಕ್ತಿಯಿಲ್ಲ.

ವಾಕ್ಯಗಳು ೨೫ರ ಬದಲು ೪೦೦ ಇದ್ದರೆ, ರಾಮಯ್ಯನಿಗೆ ೮೦, ಭೀಮಯ್ಯನಿಗೆ ೧೨೦; ಹೊಯ್ದಾಟ ೮ ಅಥವಾ ೯ ಮಾತ್ರ. ಈಗ ಗೆರೆಗಳು ಸ್ಪಷ್ಟವಾಗಿ ಬೇರೆಯಾದವು. ಸಾಮಗ್ರಿ ೧೬ ಪಟ್ಟು ಹೆಚ್ಚಿದಾಗ ಹೊಯ್ದಾಟವು ೪ ಪಟ್ಟು ಮಾತ್ರ ಹೆಚ್ಚುತ್ತದೆಂಬುದೇ ಇದರ ಗುಟ್ಟು. ಒಂದೇ ಲಕ್ಷಣದ ಬದಲು ಇಪ್ಪತ್ತು, ಮೂವತ್ತು ಲಕ್ಷಣಗಳನ್ನು ಒಟ್ಟಿಗೆ ಹಿಡಿದರೆ ಕಡಮೆ ವಾಕ್ಯಗಳಿಂದಲೂ ಕೆಲಸ ಸಾಗಬಹುದು. ಆದರೂ ಒಬ್ಬನೇ ವ್ಯಕ್ತಿ ಹೆಂಡತಿಗೆ ಬರೆಯುವ ಪತ್ರದ ವಾಕ್ಯ ಬೇರೆ, ಮೇಲಧಿಕಾರಿಗೆ ಬರೆಯುವ ವಾಕ್ಯ ಬೇರೆ. ವಾಚಕರು ತಮ್ಮ ಎರಡು ಹಳೆಯ ಪತ್ರಗಳನ್ನು ಮುಂದಿಟ್ಟುಕೊಂಡು ಪೂರ್ಣಕ್ರಿಯಾಪದಗಳಿಗೆ ಒಂದು ಗುರುತು, ಸಾಪೇಕ್ಷ ಕ್ರಿಯೆಗಳಿಗೆ ಇನ್ನೊಂದು ಗುರುತು ಹಾಕಿ ಎಣಿಸಿದರೆ ಇದನ್ನು ತಾವೇ ಕಾಣಬಹುದು. ತನ್ನೊಡನೆ ತನಗಿರುವ ಅಂತರವನ್ನು ಮೊದಲು ಅಳೆಯದೆ, ಇನ್ನೊಬ್ಬನೊಡನೆ ಇರುವ ಅಂತರವನ್ನು ಹೇಳುವುದು ಸಲ್ಲದು. ಈ ಎಚ್ಚರಿಕೆಯನ್ನು ಮರೆತ ಒಂದು ವಿಧಾನ ೧೯೯೦ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ನ್ಯಾಯಸ್ಥಾನಗಳವರೆಗೂ ಹೋಯಿತು. ವಾಕ್ಯದ ಉದ್ದವನ್ನೂ ಸಣ್ಣ ಪದಗಳ ಬಳಕೆಯನ್ನೂ ಒಂದೇ ನಕ್ಷೆಯಲ್ಲಿ ಎಳೆದು ನೋಡುತ್ತಿದ್ದ ಆ ವಿಧಾನವನ್ನು ಇತರ ವಿದ್ವಾಂಸರು ಪರೀಕ್ಷಿಸಿದಾಗ ಅದು ನಂಬಲರ್ಹವಲ್ಲವೆಂದು ತಿಳಿದುಬಂದಿತು.

ಆರನೆಯವನು

ಇನ್ನು ಕೊನೆಯ ಹಾಗೂ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ. ೨೦೧೧ರ ಜನಗಣತಿಯಂತೆ ಈ ನಾಲ್ಕು ತಾಲ್ಲೂಕುಗಳ ಜನಸಂಖ್ಯೆ ಸುಮಾರು ೧೦ ಲಕ್ಷ ೮೦ ಸಾವಿರ. ಮೂಗರ್ಜಿಯಲ್ಲಿ ಕಂಡ ವಾಕ್ಯರೂಢಿಗಳೆಲ್ಲ ಒಟ್ಟಿಗೆ ಇರುವವರು ಸಾವಿರಕ್ಕೊಬ್ಬರು ಎಂದುಕೊಳ್ಳೋಣ. ಹಾಗಿದ್ದರೆ ‘ಸಾವಿರಕ್ಕೊಬ್ಬರಲ್ಲಿರುವ ಗುರುತು ಇವನಲ್ಲಿದೆ, ಇವನೇ ಬರೆದವನು’ ಎಂಬ ವಾದ ಗಟ್ಟಿಯಾಗಿ ಕೇಳಿಸುತ್ತದೆ. ಆದರೆ ೧೦ ಲಕ್ಷ ೮೦ ಸಾವಿರದಲ್ಲಿ ಸಾವಿರಕ್ಕೊಬ್ಬರೆಂದರೆ ೧,೦೮೦ ಮಂದಿ. ಓದುಬರಹ ಬಲ್ಲವರನ್ನೇ ಲೆಕ್ಕಕ್ಕೆ ಹಿಡಿದರೂ ನೂರಾರು ಜನ ಉಳಿಯುತ್ತಾರೆ. ಅವರಲ್ಲಿ ಇವನೊಬ್ಬ.

ಸಂಗತಿ ತಿಳಿದಿದ್ದವರು ಕಚೇರಿಯ ಐವರು ಮಾತ್ರವೆಂದು ಬೇರೆ ಆಧಾರಗಳಿಂದ ಸಿದ್ಧವಾಗಿದ್ದರೆ ಮಾತು ಬದಲಾಗುತ್ತದೆ. ಐವರಲ್ಲಿ ಒಬ್ಬನಿಗೆ ಮಾತ್ರ ಆ ರೂಢಿಯಿದ್ದರೆ ಸಂದೇಹ ಅವನ ಕಡೆಗೆ ಬಲವಾಗಿ ವಾಲುತ್ತದೆ. ೨೦೧೩ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಗಾಲ್‌ಬ್ರೆಯ್ತ್ ಎಂಬ ಹೆಸರಿನಿಂದ ಬಂದ ಪತ್ತೇದಾರಿ ಕಾದಂಬರಿಯ ಲೇಖಕಿ ಜೆ.ಕೆ. ರೌಲಿಂಗ್ ಎಂದು ಪತ್ತೆಯಾದುದು ಹೀಗೆಯೇ. ಮೊದಲು ಸುಳಿವೊಂದು ಬಂದಿತ್ತು. ಬಳಿಕ ಪರೀಕ್ಷಕರು ಬೆರಳೆಣಿಕೆಯಷ್ಟು ಲೇಖಕಿಯರ ಬರಹಗಳೊಡನೆ, ಒಂದು ಕಾದಂಬರಿಯಷ್ಟು ಸಾಮಗ್ರಿಯನ್ನು ಹೋಲಿಸಿದರು. ಆಮೇಲೆ ಲೇಖಕಿಯೇ ಒಪ್ಪಿಕೊಂಡರು. ಅಮೆರಿಕದಲ್ಲಿ ಬಾಂಬುಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದ ಕಾಜಿನ್‌ಸ್ಕಿಯ ದೀರ್ಘ ಪ್ರಬಂಧವನ್ನು ೧೯೯೫ರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಅದರ ಮಾತಿನ ಧಾಟಿಯನ್ನು ಗುರುತಿಸಿದವರು ಅವನ ಮನೆಯವರೇ. ಆದರೆ ೧೯೯೬ರಲ್ಲಿ ಅವನ ಅಪರಾಧವನ್ನು ಸಿದ್ಧಪಡಿಸಿದುದು ಅವನ ಗುಡಿಸಲಿನಲ್ಲಿ ಸಿಕ್ಕಿದ ವಸ್ತುಗಳು. ವಾಕ್ಯವು ದಾರಿಯನ್ನು ತೋರಿಸಿತು, ಗುರಿಯನ್ನು ಮುಟ್ಟಿಸಿದುದು ಬೇರೆ ಸಾಕ್ಷ್ಯ.

ಆದರೆ ನಮ್ಮ ಕಚೇರಿಯ ಐವರ ಪಟ್ಟಿಯೇ ತಪ್ಪಾಗಿದ್ದರೆ? ಸಂಗತಿಯನ್ನು ಮನೆಯಲ್ಲಿ ಹೇಳಿದವನೊಬ್ಬನಿದ್ದು, ಕೇಳಿದ ಆರನೆಯವನು ಬರೆದಿದ್ದರೆ? ಬರೆದವನು ಬೇಕೆಂದೇ ಇನ್ನೊಬ್ಬನ ಧಾಟಿಯನ್ನು ಅನುಕರಿಸಿದ್ದರೆ? ಈಗಂತೂ ನಾಲ್ಕು ಮಾತು ಹೇಳಿದರೆ ಅರ್ಜಿಯನ್ನು ಪೂರ್ತಿಯಾಗಿ ಬರೆದುಕೊಡುವ ಯಂತ್ರಗಳು ಬಂದಿವೆ. ಆ ವಾಕ್ಯಗಳಲ್ಲಿ ಯಾರ ರೂಢಿಯನ್ನು ಹುಡುಕುವುದು? ಐವರಲ್ಲಿ ಯಾರು ಹೆಚ್ಚು ಹೋಲುತ್ತಾರೆಂದು ಎಣಿಕೆಯು ಹೇಳುತ್ತದೆಯೇ ಹೊರತು, ಆರನೆಯವನಿಲ್ಲವೆಂದು ಎಂದಿಗೂ ಹೇಳಲಾರದು.

ಭಾರತೀಯ ಸಾಕ್ಷ್ಯ ಅಧಿನಿಯಮದ ೩೯ನೆಯ ಕಲಮು, ವಿಜ್ಞಾನ ಕಲೆಗಳಲ್ಲಿಯೂ ಇತರ ಯಾವುದೇ ಕ್ಷೇತ್ರದಲ್ಲಿಯೂ ಪರಿಣತರಾದವರ ಅಭಿಪ್ರಾಯವನ್ನು ನ್ಯಾಯಸ್ಥಾನವು ಕೇಳಬಹುದೆಂದು ಹೇಳುತ್ತದೆ. ವಾಕ್ಯದ ಸಾಕ್ಷ್ಯಕ್ಕೂ ಆ ಬಾಗಿಲು ತೆರೆದಿದೆ. ಅದು ಒಳಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಕಠಿಣವಾದುವೇನಲ್ಲ. ಹೋಲಿಸಿದ ಬರಹಗಳು ಒಂದೇ ಜಾತಿಯವೆ? ವಾಕ್ಯಗಳು ಎಷ್ಟು? ಅದೇ ವ್ಯಕ್ತಿಯ ಬರಹಗಳ ನಡುವಣ ಅಂತರವನ್ನು ಅಳೆದಿದ್ದಾರೆಯೆ? ಆ ರೂಢಿ ಇತರರಲ್ಲಿ ಎಷ್ಟು ಮಂದಿಗಿದೆ? ವಾಕ್ಯವು ಬಾಯಿಂದ ಕಾಗದಕ್ಕೆ ಬರುವಾಗ ಯಾರ ಕೈಯಿಂದ ಹಾದುಬಂದಿತು? ಇವುಗಳಿಗೆ ಉತ್ತರವಿದ್ದಲ್ಲಿ ವಾಕ್ಯವು ಸಾಕ್ಷಿ ಹೇಳಬಲ್ಲುದು. ಅದರಲ್ಲಿಯೂ ‘ಈ ಮಾತು ಇವನದಲ್ಲ’ ಎಂಬ ಸಾಕ್ಷಿಯನ್ನು, ‘ಇದು ಇವನದೇ’ ಎಂಬುದಕ್ಕಿಂತ ಹೆಚ್ಚು ಭದ್ರವಾಗಿ ಹೇಳಬಲ್ಲುದು. ಉತ್ತರವಿಲ್ಲದಲ್ಲಿ, “ಇದು ಇಂಥವನದೇ ಮಾತು, ನನಗೆ ಗೊತ್ತು” ಎನ್ನುವ ಕಚೇರಿಯ ಪಿಸುಮಾತಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಆ ಪಿಸುಮಾತಿಗೆ ಸಿಕ್ಕಿದವನ ಪರವಾಗಿ, ಇನ್ನೂ ೧,೦೭೯ ಮಂದಿ ಇದ್ದಾರೆಂದು ನೆನಪಿಸುವುದು ಲೆಕ್ಕ ಬಲ್ಲವರ ಕರ್ತವ್ಯ.